ಎಡಗಾಲಿನ ಲೆಕ್ಕ

ವನಜಾಕ್ಷಿ ತಂದ ಡಬ್ಬಿಯನ್ನು ಪಂಚಾಕ್ಷರಪ್ಪ ಕೂಡಲೇ ತೆರೆಯಲಿಲ್ಲ. ಕೈಗಂಟಿದ್ದ ಗ್ರೀಸನ್ನು ಹಳೇ ಬಟ್ಟೆಯಲ್ಲಿ ಒರೆಸಿಕೊಂಡು, ಕನ್ನಡಕ ಹುಡುಕಿ ಹಾಕಿಕೊಂಡು, ಸ್ಟೂಲಿನ ಮೇಲೆ ಪೇಪರ್ ಹಾಸಿ, ಆಮೇಲೆ ತೆರೆದರು. ಒಳಗಿದ್ದದ್ದು ಸೈಕಲ್ಲಿನ ಎಡಗಡೆಯ ಕ್ರ್ಯಾಂಕು. ಪೆಡಲನ್ನು ನಡುವಿನ ಅಚ್ಚಿಗೆ ಸೇರಿಸುವ ತೋಳು, ಅಷ್ಟೇ. ಅದರ ಒಳಮೈಗೆ ಒಂದು ಪ್ಲಾಸ್ಟಿಕ್ ಗುಬುಟು ಅಂಟಿತ್ತು, ಬೆಂಕಿಪೊಟ್ಟಣಕ್ಕಿಂತ ಚಿಕ್ಕದು.

“ಇಷ್ಟೇನಾ?”

“ಇಷ್ಟೇ.”

“ಇದೇನ್ ಮಾಡ್ತೈತೆ ಟೀಚರಮ್ಮ?”

“ನಾನು ಎಷ್ಟು ಶಕ್ತಿ ಹಾಕಿ ತುಳೀತಿದ್ದೀನಿ ಅಂತ ಹೇಳುತ್ತೆ. ವ್ಯಾಟ್ ಲೆಕ್ಕದಲ್ಲಿ. ಪವರ್ ಮೀಟರ್ ಅಂತಾರೆ.”

ಕಡೂರಿನ ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ಪಂಚಾಕ್ಷರಪ್ಪ ಸೈಕಲ್ ಶಾಪು ಇಟ್ಟು ನಲವತ್ತೊಂದು ವರ್ಷವಾಗಿತ್ತು. ವನಜಾಕ್ಷಿ ಸೈಕಲ್ ಕಲಿತದ್ದೂ ಅದೇ ಶಾಪಿನ ಬಾಡಿಗೆ ಸೈಕಲ್ಲಿನಲ್ಲಿ. ಅವಳಪ್ಪ ಗಿಡ್ಡಪ್ಪ ಆಗ ಮಾರ್ಕೆಟ್ಟಿನಲ್ಲಿ ಕೊಬ್ಬರಿ ಮೂಟೆ ಹೊರುತ್ತಿದ್ದ. ಮಗಳು ಸಂಜೆ ಅವನಿಗಾಗಿ ಕಾಯುವ ಹೊತ್ತಿನಲ್ಲಿ ಒಂದು ಗಂಟೆಯ ಬಾಡಿಗೆಗೆ ಸೈಕಲ್ ತೆಗೆದುಕೊಂಡು ಒಂದೂವರೆ ಗಂಟೆ ಓಡಿಸಿ ತರುತ್ತಿದ್ದಳು. ಈಗ ಅವಳಿಗೆ ಮೂವತ್ತೆಂಟು. ಅಜ್ಜಂಪುರದ ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಣದ ಟೀಚರು. ಮೊದಲು “ಏ ವನಜಾ” ಎನ್ನುತ್ತಿದ್ದ ಪಂಚಾಕ್ಷರಪ್ಪ ಅವಳಿಗೆ ಕೆಲಸ ಸಿಕ್ಕ ದಿನದಿಂದ “ಟೀಚರಮ್ಮ” ಎಂದು ಕರೆಯುತ್ತಿದ್ದರು. ಅವಳು ಬೇಡವೆಂದರೂ ಬಿಡಲಿಲ್ಲ.

“ಇದು ಹೆಂಗೆ ಕಂಡುಹಿಡೀತೈತೆ? ಕಾಲಿಗೆ ವೈರೇನಾದ್ರೂ ಕಟ್ಕೋಬೇಕಾ?”

“ಏನೂ ಇಲ್ಲ. ನಾವು ತುಳಿದಾಗ ಈ ತೋಳು ಒಂಚೂರು ಬಾಗುತ್ತಂತೆ. ಕೂದಲೆಳೆಗಿಂತ ಎಷ್ಟೋ ಕಮ್ಮಿ. ಆ ಗುಬುಟಿನೊಳಗೆ ಒಂದು ತೆಳ್ಳನೆ ಪಟ್ಟಿ ಅಂಟಿಸಿರ್ತಾರೆ. ತೋಳು ಬಾಗಿದ್ರೆ ಪಟ್ಟಿನೂ ಹಿಗ್ಗುತ್ತೆ. ಅದನ್ನ ಅಳೆದು ಮೊಬೈಲಿಗೆ ಕಳಿಸುತ್ತೆ.”

ಪಂಚಾಕ್ಷರಪ್ಪ ನಕ್ಕುಬಿಟ್ಟರು. “ಲಾರಿ ಹತ್ತಿ ಬಾಗಿರೋ ಕ್ರ್ಯಾಂಕು ನೋಡಿದ್ದೀನಿ ಕಣಮ್ಮ. ಕಾಲಲ್ಲಿ ತುಳಿದು ಬಾಗಿದ್ದು ನಾನು ನೋಡಿಲ್ಲ.”

ವನಜಾಕ್ಷಿ ಕ್ರ್ಯಾಂಕನ್ನು ಬಟ್ಟೆ ಸುತ್ತಿ, ಇಕ್ಕಳದ ಹಾಗೆ ಹಿಡಿಯುವ ವೈಸಿಗೆ ಕಚ್ಚಿಸಿದಳು. ಮೊಬೈಲಿನಲ್ಲಿ ಅದರ ಆ್ಯಪ್ ತೆರೆದು ಅವರ ಮುಂದೆ ಹಿಡಿದಳು. ಪರದೆಯಲ್ಲಿ, ತಿರುಗಿಸುವ ಬಲ ತೋರಿಸುವ ಜಾಗದಲ್ಲಿ, ಸೊನ್ನೆ ಇತ್ತು. “ಈ ತುದೀನ ಹೆಬ್ಬೆರಳಲ್ಲಿ ಒತ್ತಿ” ಎಂದಳು. ಪಂಚಾಕ್ಷರಪ್ಪ ಒತ್ತಿದರು. ಸೊನ್ನೆ ಹೋಗಿ 1.8 ಆಯಿತು. ಬಿಟ್ಟರೆ ಮತ್ತೆ ಸೊನ್ನೆ. ಕಿರುಬೆರಳಲ್ಲಿ ಒತ್ತಿದರು, 0.6. ಮೇಲ್ಮುಖವಾಗಿ ಎತ್ತಿದರೆ ಸಂಖ್ಯೆಯ ಮುಂದೆ ಮೈನಸ್ ಬಂತು. ಅವರು ನಗು ನಿಲ್ಲಿಸಿ, ಕನ್ನಡಕ ಮೂಗಿನ ಮೇಲೆ ಜಾರಿಸಿ, ಕಬ್ಬಿಣಕ್ಕೆ ಕಿವಿಗೊಡುವವರ ಹಾಗೆ ಬಗ್ಗಿದರು. ಪಂಚರ್ ಹಾಕಿಸಲು ಬಂದಿದ್ದ ಗಿರಾಕಿ ಕಾದು ಕಾದು “ಅಣ್ಣಾ, ಆಮೇಲ್ ಬತ್ತೀನಿ” ಎಂದು ಹೊರಟೇಹೋದ. ಅವರಿಗೆ ಅದು ಕೇಳಿಸಿದಂತೆ ಕಾಣಲಿಲ್ಲ.

“ಕಾಶಮ್ಮಾ, ಬಾ ಇಲ್ಲಿ! ಕಬ್ಬಿಣ ಬಾಗೋದು ನೋಡ್ಬಾ!”

ಪಕ್ಕದ ಹಿಟ್ಟಿನ ಗಿರಣಿ ಅವರ ಹೆಂಡತಿ ಕಾಶಮ್ಮನದು. ರೆಪ್ಪೆಯ ಮೇಲೆಲ್ಲ ರಾಗಿ ಹಿಟ್ಟು ಕೂತಿದ್ದ ಆಕೆ ಬಂದು, ಒಂದು ಸಲ ಒತ್ತಿ ನೋಡಿ, “ಹೂಂ” ಎಂದು ಹೊರಟುಹೋದರು. ಗಿರಣಿಯಲ್ಲಿ ನಾಲ್ಕು ಜನ ಕಾಯುತ್ತಿದ್ದರು.

ವನಜಾಕ್ಷಿಗೆ ಆ ಮೀಟರ್ ಬೇಕಾಗಿದ್ದಕ್ಕೆ ಕಾರಣವಿತ್ತು. ಚಿಕ್ಕಮಗಳೂರಿನ ಸೈಕಲ್ ಕ್ಲಬ್ಬೊಂದರ ಕೋಚ್ ತ್ರಿವೇಣಿ, ಹೆಂಗಸರ ಬೆಟ್ಟದ ರೇಸೊಂದಕ್ಕೆ ನಾಲ್ಕು ಜನರ ತಂಡ ಕಟ್ಟುತ್ತಿದ್ದಳು. ಆಸೆಪಟ್ಟವರು ಬೇರೆಬೇರೆ ಊರಿನವರು. ಒಬ್ಬೊಬ್ಬರ ಊರಿನ ಏರೂ ಒಂದೊಂದು ಥರ. ಹಾಗಾಗಿ ಅವಳು ಒಂದು ನಿಯಮ ಮಾಡಿದ್ದಳು: ಇಪ್ಪತ್ತು ನಿಮಿಷ ಬಿಡದೆ ಏರಿ, ಆ ಇಪ್ಪತ್ತು ನಿಮಿಷದ ಸರಾಸರಿ ವ್ಯಾಟ್ ಎಷ್ಟು ಅಂತ ಮೀಟರಿನಿಂದ ನೇರ ಕಳಿಸಬೇಕು. ನೂರೆಂಬತ್ತಕ್ಕಿಂತ ಕಮ್ಮಿ ಇದ್ದವರು ಬೇಡ. ಹೊಸ ಮೀಟರ್ ದುಬಾರಿಯೆಂದು ವನಜಾಕ್ಷಿ ದಾವಣಗೆರೆಯ ವಿಶ್ವಾರಾಧ್ಯ ಎಂಬವರಿಂದ ಅವರು ಬಳಸಿದ್ದನ್ನೇ ಕೊರಿಯರಿನಲ್ಲಿ ತರಿಸಿಕೊಂಡಿದ್ದಳು.

ಹಳೆಯ ಕ್ರ್ಯಾಂಕು ಬಿಚ್ಚುವುದು ಐದು ನಿಮಿಷದ ಕೆಲಸ. ಹೊಸದನ್ನು ಕೂರಿಸುವುದಕ್ಕೆ ಪಂಚಾಕ್ಷರಪ್ಪ ಇಡೀ ಬೆಳಗು ತೆಗೆದುಕೊಂಡರು. ಅಚ್ಚಿನ ಹಲ್ಲುಗಳನ್ನು ಹಳೇ ಟೂತ್ ಬ್ರಷ್ಷಿನಲ್ಲಿ ಉಜ್ಜಿ, ತೆಳ್ಳಗೆ ಗ್ರೀಸು ಸವರಿ, ಬಲಗಡೆಯ ತೋಳಿಗೆ ನೇರ ಎದುರಾಗಿ ಎಡಗಡೆಯದನ್ನು ತೂರಿಸಿದರು. ಬಿಗಿ ಮಾಡುವ ಎರಡು ಬೋಲ್ಟುಗಳಿಗೆ ಇಷ್ಟೇ ಬಿಗಿ ಎಂದು ಪುಸ್ತಕದಲ್ಲಿ ಬರೆದಿದ್ದನ್ನು ವನಜಾಕ್ಷಿ ಓದಿ ಹೇಳಿದಾಗ, “ನನ್ ಕೈಗೆ ಗೊತ್ತೈತೆ ಬಿಡು” ಎಂದು ಶುರು ಮಾಡಿದವರು, ಒಂದು ಗಳಿಗೆ ನಿಂತು, ಎದ್ದುಹೋಗಿ, ಮೂಲೆಯ ಬೈಕ್ ಗ್ಯಾರೇಜಿನ ಧನಪಾಲನ ಹತ್ತಿರ ಬಿಗಿ ತೋರಿಸುವ ಪಾನಾ ಕೇಳಿ ತಂದರು. ಒಂದು ಬೋಲ್ಟಿಗೆ ಒಂದಿಷ್ಟು, ಇನ್ನೊಂದಕ್ಕೆ ಒಂದಿಷ್ಟು, ಪಾನಾ ಟಕ್ ಎನ್ನುವ ತನಕ.

“ಕೈ ಒಂದು ದಿನ ಇದ್ದಂಗೆ ಇನ್ನೊಂದು ದಿನ ಇರಲ್ಲ” ಎಂದರು, ತಮಗೆ ತಾವೇ ಹೇಳಿಕೊಂಡಂತೆ.

ಗುಬುಟಿಗೂ ಸೈಕಲ್ಲಿನ ಚೌಕಟ್ಟಿಗೂ ನಡುವೆ ಜಾಗ ಸಾಕೇ ಎಂಬುದು ಇನ್ನೊಂದು ಚಿಂತೆ. ತಗುಲಿದರೆ ಮೀಟರ್ ಕಿತ್ತುಹೋಗುತ್ತದೆ. ಬಸ್ ಟಿಕೆಟ್ಟನ್ನು ಮಡಿಸಿ ಮಡಿಸಿ ಸಂದಿಯಲ್ಲಿ ಆಡಿಸಿ ನೋಡಿದರು. ಸಲೀಸಾಗಿ ಆಡಿತು. ಕೊನೆಗೆ ಕ್ರ್ಯಾಂಕನ್ನು ನೇರ ಕೆಳಮುಖ ನಿಲ್ಲಿಸಿ, ಯಾರೂ ಮುಟ್ಟದೆ, ವನಜಾಕ್ಷಿ ಆ್ಯಪಿನಲ್ಲಿ ಸೊನ್ನೆ ಮಾಡುವ ಗುಂಡಿ ಒತ್ತಿದಳು. ‘ಆಯಿತು’ ಎಂಬಂತೆ ಹಸಿರು ಗುರುತು ಬಂತು.

“ಬಲಗಡೆಗೆ?” ಪಂಚಾಕ್ಷರಪ್ಪ ಕೇಳಿದರು.

“ಬಲಗಡೆಗಿಲ್ಲ. ಎಡಗಾಲನ್ನ ಮಾತ್ರ ಅಳೆಯುತ್ತೆ. ಬಲಗಾಲೂ ಅಷ್ಟೇ ತುಳಿಯುತ್ತೆ ಅಂತ ಅಂದ್ಕೊಂಡು ಎರಡರಿಂದ ಗುಣಿಸಿ ಹೇಳುತ್ತೆ.”

“ಅಂದ್ಕೊಂಡು!” ಎಂದರು ಪಂಚಾಕ್ಷರಪ್ಪ. ಅದು ಅವರಿಗೆ ಅಷ್ಟಾಗಿ ಸರಿಹೋಗಲಿಲ್ಲ.

ಮುಂದಿನ ಭಾನುವಾರ ಬೆಳಿಗ್ಗೆ ವನಜಾಕ್ಷಿ ತರೀಕೆರೆ ದಾಟಿ ಲಿಂಗದಹಳ್ಳಿಗೆ ಹೋಗಿ, ಅಲ್ಲಿಂದ ಕಲ್ಲತ್ತಿಗಿರಿಯ ಏರು ಹಿಡಿದಳು. ಹ್ಯಾಂಡಲ್ಲಿಗೆ ಕಟ್ಟಿದ ಮೊಬೈಲಿನಲ್ಲಿ ಸಂಖ್ಯೆ ಕುಣಿಯುತ್ತಿತ್ತು. 205, 188, 211. ತಿರುವು ಬಂದರೆ ಏರಿತು, ಉಸಿರು ತಪ್ಪಿದರೆ ಇಳಿಯಿತು. ಇಪ್ಪತ್ತು ನಿಮಿಷ ಮುಗಿದಾಗ ರಸ್ತೆ ಬದಿಯ ಮೋರಿ ಕಟ್ಟೆಯ ಮೇಲೆ ಕೂತು, ಬೆವರು ಒರೆಸಿಕೊಳ್ಳದೆ ಮೊದಲು ಸರಾಸರಿ ನೋಡಿದಳು. ನೂರ ತೊಂಬತ್ತೆಂಟು. ತ್ರಿವೇಣಿಗೆ ಕಳಿಸಿದಳು. ಎರಡೇ ನಿಮಿಷಕ್ಕೆ ಫೋನು ಬಂತು.

“ವನಜಾಕ್ಷಿಯವ್ರೇ, ಸೂಪರ್! ನೀವೇ ಎಲ್ಲರಿಗಿಂತ ಮೇಲೆ. ನಿಮ್ಮನ್ನ ಹಾಕ್ಕೊಂಡಂಗೆ.”

ಮನೆಯಲ್ಲಿ ಗಂಡ ಸುರೇಶ್ ಲೈನ್‌ಮನ್. ವ್ಯಾಟ್ ಎಂದರೆ ಅವನಿಗೆ ದಿನದ ಮಾತು. “ಮೂರು ಹಳೇ ಬಲ್ಬ್ ಉರಿಸ್ತೀಯ ಅಂತಾಯ್ತು. ಕರೆಂಟ್ ಹೋದಾಗ ನಿನ್ನನ್ನೇ ಕಂಬಕ್ಕೆ ಕಟ್ತೀನಿ” ಎಂದು ನಕ್ಕ. ಹತ್ತೊಂಬತ್ತನೇ ವಯಸ್ಸಿನಲ್ಲಿ ಒಂದು ಸಲ ಅವಳು ವಿಶ್ವವಿದ್ಯಾಲಯದ ತಂಡಕ್ಕೆ ಆಯ್ಕೆಯಾಗಿ, ಅಮ್ಮನಿಗೆ ಟೈಫಾಯಿಡ್ ಬಂದು ಹೋಗಲಾಗಿರಲಿಲ್ಲ. ಆಮೇಲೆ ಯಾರೂ ಕರೆದಿರಲಿಲ್ಲ. ಹಾಗಾಗಿ ಈ ಭಾನುವಾರವೆಲ್ಲ ಅವಳಿಗೆ ಕೆಲಸ ಮಾಡುತ್ತಲೇ ನಗು ಬರುತ್ತಿತ್ತು.

ಶನಿವಾರ ಅರ್ಧ ದಿನದ ಶಾಲೆ ಮುಗಿಸಿ, ಅಜ್ಜಂಪುರದಿಂದಲೇ ಒಂದು ಪೊಟ್ಟಣ ಮೈಸೂರುಪಾಕು ಕಟ್ಟಿಸಿಕೊಂಡು ಕಡೂರಿಗೆ ಸೈಕಲ್ ತುಳಿದಳು. ಪಂಚಾಕ್ಷರಪ್ಪ ಎರಡು ತುಂಡು ತಿಂದರು. ಕಾಶಮ್ಮ ಒಂದನ್ನು ಕೈಯಲ್ಲಿ ಹಿಡಿದುಕೊಂಡೇ ಕೇಳಿದರು.

“ನಮ್ ಗಿರಣಿ ಮೋಟಾರು ಏಳೂವರೆ ಎಚ್‌ಪಿ. ಅದು ಎಷ್ಟು ವ್ಯಾಟಾಯ್ತು?”

ವನಜಾಕ್ಷಿ ಮೊಬೈಲಿನಲ್ಲಿ ಗುಣಿಸಿದಳು. “ಐದು ಸಾವಿರದ ಆರುನೂರು, ಹೆಚ್ಚುಕಮ್ಮಿ.”

“ಹಂಗಾರೆ ನನ್ ಗಿರಣಿ ತಿರುಗಿಸೋಕೆ ನಿನ್ನಂಥೋರು ಇಪ್ಪತ್ತೆಂಟು ಜನ ಬೇಕು.” ಕಾಶಮ್ಮನಿಗೆ ಖುಷಿಯಾಯಿತು. ಮೈಸೂರುಪಾಕು ಬಾಯಿಗೆ ಹಾಕಿಕೊಂಡು, ಅದು ಕರಗಿದ ಮೇಲೆ, “ಅದ್ಸರಿ. ಇದಕ್ಕೆ ಮುದ್ರೆ ಹಾಕೋರ್ ಯಾರು?” ಎಂದರು.

“ಮುದ್ರೆ?”

“ಹೂಂ ಕಣವ್ವ. ನನ್ ತಕ್ಕಡಿಗೆ, ತೂಕದ ಕಲ್ಲಿಗೆ ಇಲಾಖೆಯೋರು ಬಂದು ನೋಡಿ ಮುದ್ರೆ ಒತ್ತುತಾರೆ. ಮುದ್ರೆ ಇಲ್ದಿದ್ರೆ ಜನ ಒಪ್ಪಲ್ಲ. ಇದು ನೂರ ತೊಂಬತ್ತೆಂಟು ಅಂದ್ರೆ ನೂರ ತೊಂಬತ್ತೆಂಟೇ ಅಂತ ಯಾರ್ ಹೇಳಿದ್ದು?”

“ಸೊನ್ನೆ ಸರಿ ಮಾಡಿದ್ವಲ್ಲ” ಎಂದರು ಪಂಚಾಕ್ಷರಪ್ಪ.

“ರೀ, ಸೊನ್ನೆ ಸರಿ ಇದ್ರೆ ಹತ್ತು ಕೆಜಿನೂ ಸರಿ ಇರುತ್ತೇನ್ರೀ? ಖಾಲಿ ತಟ್ಟೆ ಸಮ ನಿಂತು, ಮೂಟೆ ಇಟ್ಟಾಗ ಸುಳ್ಳು ಹೇಳೋ ತಕ್ಕಡಿ ನಾನು ಕಂಡಿಲ್ವಾ?”

ವನಜಾಕ್ಷಿ ಎಡ ಪೆಡಲನ್ನು ಕಾಲಿನಿಂದ ಮೆಲ್ಲಗೆ ತಿರುಗಿಸಿದಳು. ಅವಳ ಮನಸ್ಸಿನ ಮೂಲೆಯಲ್ಲಿ ಒಂದು ಸಣ್ಣ ಸಂಗತಿ ವಾರದಿಂದ ಕೂತಿತ್ತು. ಕಲ್ಲತ್ತಿಗಿರಿಯ ಏರಿನಲ್ಲಿ ಆ ಮೋರಿ ಕಟ್ಟೆ ಮುಟ್ಟಲು ಹೋದ ವರ್ಷ ಅವಳಿಗೆ ಹಿಡಿದಿದ್ದು ಎಷ್ಟು ಹೊತ್ತೋ ಈ ಸಲವೂ ಅಷ್ಟೇ ಹೊತ್ತು. ಎಲ್ಲರಿಗಿಂತ ಮೇಲಿದ್ದವಳು ಇನ್ನೊಂಚೂರು ಬೇಗ ಮುಟ್ಟಬೇಕಿತ್ತಲ್ಲ ಎಂದು ಅನಿಸಿ, ಅನಿಸಿದ್ದನ್ನು ಅಲ್ಲೇ ಬಿಟ್ಟಿದ್ದಳು.

“ತೂಕ ನೇತುಹಾಕಿ ನೋಡೋ ವಿಧಾನ ಒಂದಿದೆ. ಪುಸ್ತಕದಲ್ಲಿ ಓದಿದ್ದೆ” ಎಂದಳು ನಿಧಾನಕ್ಕೆ. “ಆದ್ರೆ ತೂಕ ಖಚಿತ ಗೊತ್ತಿರಬೇಕು.”

ಕಾಶಮ್ಮ ಸೆರಗಿಗೆ ಕೈ ಒರೆಸಿಕೊಂಡು ಎದ್ದು ಹೋಗಿ, ಇಪ್ಪತ್ತು ಕೆಜಿಯ ಕಬ್ಬಿಣದ ಕಲ್ಲನ್ನು ಸೊಂಟಕ್ಕೆ ಆನಿಸಿಕೊಂಡು ಬಂದರು. ಕೆಳಗಿಟ್ಟು ಅದರ ಮೈಮೇಲಿನ ಸೀಸದ ಮುದ್ರೆಯನ್ನು ತೋರಿಸಿದರು. ಹೋಗಿ ಹತ್ತು ಕೆಜಿಯದನ್ನೂ ತಂದರು.

ಪಂಚಾಕ್ಷರಪ್ಪನವರಿಗೆ ಇನ್ನು ಯಾರೂ ಹೇಳಬೇಕಿರಲಿಲ್ಲ. ಸೈಕಲ್ಲನ್ನು ಸ್ಟ್ಯಾಂಡಿಗೆ ಎತ್ತಿ, ಹಿಂದಿನ ಬ್ರೇಕನ್ನು ಹಳೇ ಟ್ಯೂಬಿನ ಪಟ್ಟಿಯಲ್ಲಿ ಬಿಗಿದು ಚಕ್ರ ಅಲ್ಲಾಡದಂತೆ ಮಾಡಿದರು. ಎಡ ಕ್ರ್ಯಾಂಕನ್ನು ಮುಂದಕ್ಕೆ ಅಡ್ಡ ನಿಲ್ಲಿಸಿ, ಗಾರೆ ಕೆಲಸದವನೊಬ್ಬ ಬಿಟ್ಟುಹೋಗಿದ್ದ ರಸಮಟ್ಟವನ್ನು ಅದರ ಮೇಲಿಟ್ಟು, ಗುಳ್ಳೆ ನಟ್ಟನಡುವೆ ಬರುವ ತನಕ ಸರಿಸಿದರು. ಪೆಡಲಿನ ಮಧ್ಯಕ್ಕೆ ಹಗ್ಗ ಕಟ್ಟಿ ಇಪ್ಪತ್ತು ಕೆಜಿ ಕಲ್ಲನ್ನು ಮೆಲ್ಲಗೆ ಇಳಿಬಿಟ್ಟರು. ಅದು ತೂಗಾಡಿ ನಿಂತಿತು.

“ತೂಕ ಇಪ್ಪತ್ತು, ಅದನ್ನ ಭೂಮಿ ಎಳೆಯೋ ಲೆಕ್ಕ ಒಂಬತ್ತು ಪಾಯಿಂಟ್ ಎಂಟು. ತೋಳಿನ ಉದ್ದ ಹದಿನೇಳು ಸೆಂಟಿಮೀಟರು, ಅಂದ್ರೆ ಪಾಯಿಂಟ್ ಒಂದು ಏಳು ಮೀಟರು. ಲೆಕ್ಕದ ಪ್ರಕಾರ ತಿರುಗಿಸೋ ಬಲ ಮೂವತ್ಮೂರು ಪಾಯಿಂಟ್ ಮೂರು ಬರಬೇಕು” ಎಂದಳು ವನಜಾಕ್ಷಿ.

ಪರದೆಯಲ್ಲಿ 38.3 ಇತ್ತು.

ಬಿಚ್ಚಿ ಮತ್ತೆ ಕಟ್ಟಿದರು. 38.3. ಹತ್ತು ಕೆಜಿಯದನ್ನು ಕಟ್ಟಿದರು. ಹದಿನಾರು ಪಾಯಿಂಟ್ ಏಳು ಬರಬೇಕಾದಲ್ಲಿ 19.2. ಎರಡನ್ನೂ ಸೇರಿಸಿ ಕಟ್ಟಿದರು. ಐವತ್ತರ ಜಾಗದಲ್ಲಿ 57.5. ಸೊನ್ನೆ ಮಾತ್ರ ಪ್ರತಿ ಸಲವೂ ಅಚ್ಚುಕಟ್ಟಾಗಿ ಸೊನ್ನೆಯೇ.

“ನಿನ್ ಕಲ್ಲೇ ಭಾರ ಇರ್ಬೇಕು ಕಾಶಮ್ಮ” ಎಂದರು ಪಂಚಾಕ್ಷರಪ್ಪ.

ಕಾಶಮ್ಮನ ಮುಖ ಕೆಂಪಾಯಿತು. ಇಬ್ಬರನ್ನೂ ಕಲ್ಲಿನ ಸಮೇತ ಎದುರಿನ ಕೊಬ್ಬರಿ ಅಂಗಡಿಗೆ ಹೊರಡಿಸಿದರು. ಅಲ್ಲಿನ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ಇಟ್ಟರೆ ಕೆಂಪು ಅಂಕಿಗಳಲ್ಲಿ 20.00 ಬಂತು. ವಾಪಸು ಬರುವಾಗ ಕಾಶಮ್ಮನೇ ಮುಂದೆ ನಡೆದರು. ಕಲ್ಲು ಹೊತ್ತು ಹಿಂದೆ ಬಂದವರು ಪಂಚಾಕ್ಷರಪ್ಪ.

ವನಜಾಕ್ಷಿ ಬಾಗಿಲ ಮೆಟ್ಟಿಲ ಮೇಲೆ ಕೂತು ಭಾಗಿಸಿದಳು. ಮೂರಕ್ಕೂ ಒಂದೇ ಉತ್ತರ: ಮೀಟರು ನೂರನ್ನು ನೂರಹದಿನೈದು ಎನ್ನುತ್ತಿತ್ತು. ಹಾಗಾದರೆ ಅವಳ ನೂರ ತೊಂಬತ್ತೆಂಟು ನಿಜವಾಗಿ ನೂರ ಎಪ್ಪತ್ತೆರಡು. ಎಂಟು ವ್ಯಾಟ್ ಕಮ್ಮಿ.

“ಸರಿಯಾಗಿ ಹದಿನೈದು ಯಾಕೆ ಬಂತು?” ಪಂಚಾಕ್ಷರಪ್ಪ ಗಡ್ಡ ಕೆರೆದುಕೊಂಡರು. “ಕೆಟ್ಟೋಗಿದ್ರೆ ಹದಿಮೂರೂವರೆ, ಹದಿನಾರು ಕಾಲು, ಹಿಂಗೆ ಏನೋ ಬರ್ಬೇಕಿತ್ತು. ಇದು ಯಾರೋ ಕೂತು ಮಾಡ್ದಂಗೈತೆ ಟೀಚರಮ್ಮ.”

ಆ ಮಾತು ಅವಳಿಗೆ ನಾಟಿತು. ಆ್ಯಪಿನ ಸೆಟ್ಟಿಂಗಿನಲ್ಲಿ ಒಂದೊಂದೇ ತೆರೆದು ನೋಡುತ್ತ ಹೋದಳು. ಕೆಳಗೆ, ಯಾರೂ ಹೋಗದ ಜಾಗದಲ್ಲಿ, ‘ಹೊಂದಾಣಿಕೆ’ ಎಂಬರ್ಥದ ಒಂದು ಸಾಲಿನ ಮುಂದೆ 1.15 ಎಂದಿತ್ತು. ಅದು ಮೀಟರಿನೊಳಗೇ ಉಳಿದು ಬಂದಿದ್ದ ಹಳೆಯ ಲೆಕ್ಕ. ದಾವಣಗೆರೆಯ ವಿಶ್ವಾರಾಧ್ಯರಿಗೆ ಫೋನು ಮಾಡಿ, ಎಲ್ಲರಿಗೂ ಕೇಳಿಸುವಂತೆ ಸ್ಪೀಕರಿಗೆ ಹಾಕಿದಳು.

“ಅಯ್ಯೋ ಮೇಡಂ, ಅದಾ!” ಎಂದಿತು ಆ ಕಡೆಯ ದನಿ. “ಅದನ್ನ ತೆಗೆಯೋದು ಮರೆತೇ ಹೋಯ್ತು ನೋಡಿ. ನಂಗೆ ಸ್ಕೂಟರಿನಿಂದ ಬಿದ್ದು ಎಡ ಮಂಡಿ ಆಪರೇಷನ್ ಆಗಿತ್ತು. ಎಡಗಾಲಲ್ಲಿ ಬಲ ಇರಲಿಲ್ಲ. ಈ ಮೀಟರ್ ಎಡಗಾಲನ್ನೇ ನೋಡಿ ಎರಡರಿಂದ ಗುಣಿಸೋದಲ್ವಾ? ಬಲಗಾಲು ಪಾಪ ದುಡಿದಿದ್ದು ಲೆಕ್ಕಕ್ಕೇ ಬರ್ತಿರಲಿಲ್ಲ. ಫಿಸಿಯೋ ಒಬ್ರು ಎರಡೂ ಕಾಲನ್ನ ಬೇರೆಬೇರೆ ಅಳೆದು, ಹದಿನೈದು ಪರ್ಸೆಂಟ್ ಸೇರಿಸ್ಕೊಳ್ಳಿ ಅಂದಿದ್ರು. ಸಾರಿ ಮೇಡಂ, ದಯವಿಟ್ಟು ಒಂದಕ್ಕೆ ಇಟ್ಬಿಡಿ.”

ಫೋನು ಇಟ್ಟ ಮೇಲೆ ಮೂವರೂ ಸೈಕಲ್ಲಿನ ಕಡೆ ತಿರುಗಿದರು.

“ಅಂದ್ರೆ ಇಷ್ಟು ದಿನ ಆ ಯಪ್ಪನ ಬಲಗಾಲೂ ನಿನ್ ಜೊತೆ ತುಳೀತಿತ್ತು” ಎಂದರು ಕಾಶಮ್ಮ.

ವನಜಾಕ್ಷಿಗೆ ನಗು ಬಂತು. 1.15 ಅನ್ನು 1.00 ಮಾಡಿದಳು. ಕಲ್ಲು ಕಟ್ಟಿದಾಗ 33.3 ಬಂತು, ಚೂರೂ ಆಚೀಚೆ ಇಲ್ಲ. ಪಂಚಾಕ್ಷರಪ್ಪನವರಿಗೆ ಸಂಭ್ರಮಪಡಬೇಕೋ ಬೇಡವೋ ತಿಳಿಯಲಿಲ್ಲ.

“ನಾವ್ ಸುಮ್ನೆ ಇದ್ದಿದ್ರೆ ಆಗ್ತಿತ್ತೇನೋ” ಎಂದರು ತಗ್ಗಿದ ದನಿಯಲ್ಲಿ. “ಯಾರಿಗೂ ಗೊತ್ತಾಗ್ತಿರ್ಲಿಲ್ಲ.”

“ನನಗೆ ಗೊತ್ತಾಗೋಯ್ತಲ್ಲ ಯಜಮಾನ್ರೇ.”

ಅದನ್ನು ಹೇಳಿದ್ದು ಸುಲಭ. ತ್ರಿವೇಣಿಗೆ ಫೋನು ಮಾಡಲು ಮಾತ್ರ ಭಾನುವಾರ ಮಧ್ಯಾಹ್ನದ ತನಕ ಆಗಲಿಲ್ಲ. ಬಟ್ಟೆ ಒಗೆದಳು, ಒಣಗಿದ್ದನ್ನು ಮಡಿಸಿದಳು, ಹುಡುಗಿಯರ ಕೊಕ್ಕೊ ತಂಡದ ಪಟ್ಟಿ ಬರೆದಳು. ಸುರೇಶ್ ಒಂದು ಸಲ ಮುಖ ನೋಡಿ, “ಹೇಳದೇ ಇದ್ರೆ ನಿದ್ದೆ ಬರುತ್ತಾ?” ಎಂದಷ್ಟೇ ಕೇಳಿ ಹೊರಗೆ ಹೋದ. ಕೊನೆಗೆ ಫೋನು ಮಾಡಿ, ಕಲ್ಲು, ಹಗ್ಗ, ಮಂಡಿ ಆಪರೇಷನ್ನು, ಎಲ್ಲವನ್ನೂ ಹೇಳಿದಳು.

ತ್ರಿವೇಣಿ ಎಲ್ಲವನ್ನೂ ಕೇಳಿಸಿಕೊಂಡಳು. “ನೂರೆಪ್ಪತ್ತೆರಡು ಅಂದ್ರೆ ನಾನು ತಗೊಳ್ಳೋಕೆ ಆಗಲ್ಲ. ತಂಡದ ಪಟ್ಟಿ ಕೊಡೋಕೆ ಹದಿನೈದು ದಿನ ಇದೆ, ಇನ್ನೊಂದ್ಸಲ ಪ್ರಯತ್ನ ಮಾಡಿ” ಎಂದಳು. ಹಿಂದೆಯೇ, “ಒಂದು ಕೇಳ್ತೀನಿ. ಮಿಕ್ಕವರ ಮೀಟರು ಸರಿ ಇದೆ ಅಂತ ನನಗೆ ಹೇಗೆ ಗೊತ್ತು?” ಎಂದಳು.

“ಗೊತ್ತಿಲ್ಲ.”

“ಆ ಕಲ್ಲು ಎಲ್ಲಿದೆ ಅಂದ್ರಿ?”

ಹಾಗೆ ಅದರ ಮುಂದಿನ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಕಡೂರಿನ ಆ ಸಣ್ಣ ಶಾಪಿನ ಮುಂದೆ ಐದು ಸೈಕಲ್ಲುಗಳು ಸಾಲಾಗಿ ನಿಂತವು. ಕಾಶಮ್ಮ ಗಿರಣಿಗೆ ಅರ್ಧ ದಿನ ರಜೆ ಕೊಟ್ಟು, ಕಲ್ಲುಗಳನ್ನು ತೊಳೆದು ಇಟ್ಟಿದ್ದರು. ಪಂಚಾಕ್ಷರಪ್ಪ ಹೊಸ ಹಗ್ಗ ತಂದಿದ್ದರು. ಒಬ್ಬೊಬ್ಬಳೂ ತನ್ನ ಸೈಕಲ್ಲನ್ನು ಸ್ಟ್ಯಾಂಡಿಗೆ ಏರಿಸಿ, ದಿನಾ ಮಾಡುವಂತೆಯೇ ಸೊನ್ನೆ ಮಾಡಿ, ಪಕ್ಕಕ್ಕೆ ಸರಿದು ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದಳು. ವನಜಾಕ್ಷಿಯದೂ ಸೇರಿ ಮೊದಲ ನಾಲ್ವರದೂ ಸರಿ ಇತ್ತು. ಪ್ರತಿ ಸಲ ಸರಿ ಬಂದಾಗಲೂ ಪಂಚಾಕ್ಷರಪ್ಪನವರಿಗೆ ಒಂಚೂರು ನಿರಾಸೆಯಾದಂತಿತ್ತು.

ಐದನೆಯವಳು ಸುಮನಾ. ದೇವನೂರಿನ ಹುಡುಗಿ, ಇಪ್ಪತ್ತೆರಡು ವರ್ಷ, ಕಡೂರಿನ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ. ನೂರ ಅರವತ್ತೆರಡು ಕಳಿಸಿದ್ದಳು. ಪಟ್ಟಿಯಿಂದ ಬಿಟ್ಟಾಗಿತ್ತು. ತ್ರಿವೇಣಿ ಸುಮ್ಮನೆ ನೋಡಲೆಂದು ಕರೆದಿದ್ದಳು. ಹುಡುಗಿ ಸೀಟಿನ ಮೇಲೆ ಕೂತು, ಕಾಲನ್ನು ಪೆಡಲಿಗೆ ಸಿಕ್ಕಿಸಿ, ಸೊನ್ನೆ ಒತ್ತಿ, ಇಳಿದಳು.

ಇಪ್ಪತ್ತು ಕೆಜಿಗೆ 32.0. ಹತ್ತು ಕೆಜಿಗೆ 15.4.

“ಕಮ್ಮಿ ತೋರಿಸ್ತೈತೆ” ಎಂದರು ಪಂಚಾಕ್ಷರಪ್ಪ, ದನಿಯಲ್ಲಿ ಜೀವ ಬಂತು. “ತಾಳಿ ತಾಳಿ. ಇಪ್ಪತ್ತಕ್ಕೆ ಒಂದು ಪಾಯಿಂಟ್ ಮೂರು ಕಮ್ಮಿ. ಹತ್ತಕ್ಕೂ ಒಂದು ಪಾಯಿಂಟ್ ಮೂರೇ ಕಮ್ಮಿ! ಟೀಚರಮ್ಮಂದು ಹಂಗಿರ್ಲಿಲ್ಲ. ಅದು ತೂಕ ಏರ್ದಂಗೆ ತಪ್ಪೂ ಏರ್ತಿತ್ತು.”

ಎಲ್ಲರೂ ಆ್ಯಪಿನ ಸೆಟ್ಟಿಂಗು ನೋಡಿದರು. ಎಲ್ಲವೂ ಸರಿಯಾಗಿಯೇ ಇತ್ತು. ಕ್ರ್ಯಾಂಕಿನ ಉದ್ದ ಅಳೆದರು. ಸರಿ. ಪಂಚಾಕ್ಷರಪ್ಪ ಬೋಲ್ಟು ಬಿಗಿ ನೋಡಿದರು, ಹಗ್ಗ ಬದಲಾಯಿಸಿದರು. ಅದೇ ಒಂದು ಪಾಯಿಂಟ್ ಮೂರು. ಅಷ್ಟು ಹೊತ್ತೂ ಗೋಡೆಗೊರಗಿ ನೋಡುತ್ತಿದ್ದ ಕಾಶಮ್ಮ ಹತ್ತಿರ ಬಂದರು.

“ಏ ಹುಡುಗಿ, ಸೊನ್ನೆ ಹೆಂಗ್ ಮಾಡ್ದೆ? ಇನ್ನೊಂದ್ಸಲ ಮಾಡು.”

ಸುಮನಾ ಮತ್ತೆ ಸೀಟೇರಿ, ಕಾಲು ಪೆಡಲಿಗೆ ಸಿಕ್ಕಿಸಿ, ಗುಂಡಿಗೆ ಬೆರಳು ತಂದಳು.

“ಅಲ್ಲೇ ನಿಲ್ಸು” ಎಂದರು ಕಾಶಮ್ಮ. “ನನ್ ತಕ್ಕಡೀಲಿ ಡಬ್ಬ ಇಟ್ಟು ಮುಳ್ಳು ಸಮ ಮಾಡಿ, ಆಮೇಲೆ ಡಬ್ಬ ತೆಗೆದು ಹಿಟ್ಟು ತೂಗಿದ್ರೆ, ಡಬ್ಬದ ತೂಕದಷ್ಟು ಪ್ರತಿ ಸಲನೂ ಕಮ್ಮಿ ಆಗ್ತೈತೆ. ಹತ್ತು ಕೆಜಿ ಹಿಟ್ಟಿದ್ರೂ ಅಷ್ಟೇ ಕಮ್ಮಿ, ಐವತ್ತು ಕೆಜಿ ಇದ್ರೂ ಅಷ್ಟೇ ಕಮ್ಮಿ. ನಿನ್ ಕಾಲೇ ಡಬ್ಬ ಕಣೇ.”

ಸುಮನಾ ಬಾಯಿ ತೆರೆದುಕೊಂಡು ತನ್ನ ಕಾಲನ್ನು ನೋಡಿಕೊಂಡಳು. “ನಮ್ಮ ಲ್ಯಾಬಲ್ಲಿ ದಿನಾ ಬೆಳಿಗ್ಗೆ ಖಾಲಿ ಟ್ಯೂಬ್ ಇಟ್ಟೇ ಸೊನ್ನೆ ಮಾಡ್ತೀನಿ. ಅದರಲ್ಲಿ ಒಂದು ಹನಿ ಇದ್ರೂ ಡಾಕ್ಟರ್ ಬೈತಾರೆ. ಇಲ್ಲಿ ನನಗೆ ಹೊಳೀಲೇ ಇಲ್ವಲ್ಲ!” ಇಳಿದು, ಕ್ರ್ಯಾಂಕನ್ನು ಕೆಳಮುಖ ಮಾಡಿ, ದೂರ ನಿಂತು ಸೊನ್ನೆ ಒತ್ತಿದಳು. ಕಲ್ಲು ಕಟ್ಟಿದರು. 33.3. ಸಾಲಿನಲ್ಲಿದ್ದ ಹೆಂಗಸರು ಚಪ್ಪಾಳೆ ತಟ್ಟಿದರು. ಪಂಚಾಕ್ಷರಪ್ಪ ಹೆಂಡತಿಯನ್ನು ನೋಡಿದ ರೀತಿ ನೋಡಿ ವನಜಾಕ್ಷಿ ಬೇರೆ ಕಡೆ ತಿರುಗಿದಳು.

ಮಾರನೆಯ ವಾರ ತ್ರಿವೇಣಿ ಇಬ್ಬರನ್ನೂ ಒಂದೇ ದಿನ ಕಲ್ಲತ್ತಿಗಿರಿಗೆ ಕರೆದಳು. ಮೂವರು ಆಗಲೇ ಆಯ್ಕೆಯಾಗಿದ್ದರಿಂದ ತಂಡದಲ್ಲಿ ಖಾಲಿ ಇದ್ದದ್ದು ಒಂದೇ ಜಾಗ. ಮಂಜು ಇನ್ನೂ ಪೂರ್ತಿ ಬಿಟ್ಟಿರಲಿಲ್ಲ. ವನಜಾಕ್ಷಿ ಮೊದಲು ಹೊರಟಳು, ಅರ್ಧ ನಿಮಿಷ ಬಿಟ್ಟು ಸುಮನಾ. ಈಗ ಸಂಖ್ಯೆಗಳು ಸಣ್ಣವಾಗಿದ್ದವು, ಆದರೆ ಎಲ್ಲವೂ ತನ್ನವು. 190 ಎಂದರೆ ಎಷ್ಟು ಉರಿ, 170 ಎಂದರೆ ಎಷ್ಟು ಉರಿ ಎಂದು ತೊಡೆಗಳಿಗೆ ಈಗಷ್ಟೇ ಗೊತ್ತಾಗುತ್ತಿತ್ತು. ಹದಿನೇಳನೇ ನಿಮಿಷದ ಹೊತ್ತಿಗೆ ಹಿಂದೆ ಚೈನಿನ ಸದ್ದು ಕೇಳಿಸಿತು. ಸುಮನಾ ಪಕ್ಕಕ್ಕೆ ಬಂದು, ಏನೋ ಹೇಳಲು ಹೋಗಿ ಉಸಿರು ಸಾಲದೆ, ತಲೆಯಾಡಿಸಿ ಮುಂದೆ ಹೋದಳು. ತಿರುವಿನಲ್ಲಿ ಅವಳ ಕೆಂಪು ಅಂಗಿ ಮರೆಯಾಯಿತು.

ವನಜಾಕ್ಷಿಯದು ನೂರ ಎಪ್ಪತ್ತಾರು. ಸುಮನಾಳದು ನೂರ ಎಂಬತ್ತಮೂರು.

ತ್ರಿವೇಣಿ ಜೀಪಿನಿಂದ ಇಳಿದು ಬಂದು ವನಜಾಕ್ಷಿಯ ಭುಜ ಹಿಡಿದಳು. “ನೀವು ಐದನೆಯವರು. ಯಾರಿಗಾದ್ರೂ ಹುಷಾರು ತಪ್ಪಿದ್ರೆ ನೀವೇ. ಬರ್ತೀರಾ ಜೊತೆಗೆ?”

“ಬರ್ತೀನಿ” ಎಂದಳು. ಆ ಕ್ಷಣ ಬೇಜಾರಾಗಲಿಲ್ಲ ಎಂದರೆ ಸುಳ್ಳು. ನೀರು ಕುಡಿಯುವ ನೆಪದಲ್ಲಿ ಆಚೆ ಹೋಗಿ, ಬಾಟಲಿ ಖಾಲಿಯಾದ ಮೇಲೂ ಅದನ್ನು ಬಾಯಿಗೆ ಹಿಡಿದುಕೊಂಡೇ ನಿಂತಳು.

ಸುಮನಾ ಹಿಂದೆಯೇ ಬಂದಳು. “ಅಕ್ಕಾ, ನೀವು ಬಾಯಿ ಬಿಡದೇ ಇದ್ದಿದ್ರೆ ಆ ಜಾಗ ನಿಮ್ದೇ ಆಗಿತ್ತು. ನಾನು ಮನೇಲಿ ಇರ್ತಿದ್ದೆ.”

“ಬಾಯಿ ಬಿಡದೇ ಇದ್ದು ರೇಸಿಗೆ ಹೋಗಿದ್ರೆ ಮೊದಲನೇ ಏರಲ್ಲೇ ಗೊತ್ತಾಗ್ತಿತ್ತು ಕಣೇ” ಎಂದಳು ವನಜಾಕ್ಷಿ. “ಸುಮ್ನೆ ಬಾ, ಟೀ ಕುಡಿಯೋಣ.”

ರೇಸಿನಲ್ಲಿ ಯಾರಿಗೂ ಹುಷಾರು ತಪ್ಪಲಿಲ್ಲ. ವನಜಾಕ್ಷಿ ಎರಡು ದಿನವೂ ಜೀಪಿನ ಹಿಂದೆ ಕೂತು ನೀರಿನ ಬಾಟಲಿ, ಬಾಳೆಹಣ್ಣು ಚಾಚಿದಳು, ಗಂಟಲು ಬೀಳುವಂತೆ ಕೂಗಿದಳು. ತಂಡ ಹದಿನಾಲ್ಕರಲ್ಲಿ ಐದನೆಯದಾಯಿತು. ಸುಮನಾ ಒಬ್ಬಳದೇ ಲೆಕ್ಕ ಹಿಡಿದರೆ ಒಂಬತ್ತನೆಯವಳು. ಕಡೂರಿನಲ್ಲಿ ಪಂಚಾಕ್ಷರಪ್ಪ ಅದನ್ನು ಬಂದ ಗಿರಾಕಿಗಳಿಗೆಲ್ಲ ಹೇಳಿದರು. ಎಷ್ಟೋ ಜನಕ್ಕೆ ಅವರು ಹೇಳುತ್ತಿರುವುದು ರೇಸಿನ ವಿಷಯವೋ ಕಾಶಮ್ಮನ ವಿಷಯವೋ ತಿಳಿಯಲಿಲ್ಲ.

ಸಂಕ್ರಾಂತಿ ಕಳೆದ ಒಂದು ಭಾನುವಾರ ವನಜಾಕ್ಷಿ ಮತ್ತು ಸುಮನಾ ಇಬ್ಬರೇ ಅಮೃತಾಪುರದ ದಾರಿಯಲ್ಲಿ ನಿಧಾನಕ್ಕೆ ಸುತ್ತಿ ಬಂದು, ತರೀಕೆರೆಯ ಒಂದು ಹೋಟೆಲಿನಲ್ಲಿ ಇಡ್ಲಿಗೆ ಕೂತರು. ವನಜಾಕ್ಷಿ ಮೊಬೈಲಿನಲ್ಲಿ ಆಯ್ಕೆಯ ದಿನ ಕಲ್ಲತ್ತಿಗಿರಿ ಏರಿದಾಗಿನ ಇಬ್ಬರ ವ್ಯಾಟಿನ ಗೆರೆಗಳನ್ನು ತೆಗೆದು ಮೇಜಿನ ಮೇಲಿಟ್ಟಳು.

“ಇಲ್ಲಿ ನೋಡು. ಹನ್ನೆರಡು ನಿಮಿಷದ ತನಕ ನಾನು ನಿನ್ನಷ್ಟೇ ಇದ್ದೀನಿ. ಆಮೇಲೆ ಪೂರ್ತಿ ಇಳಿಯುತ್ತೆ. ಹೋದ ಸಲದ್ದೂ ತೆಗೆದು ನೋಡ್ದೆ, ಅಲ್ಲೂ ಹನ್ನೆರಡಕ್ಕೇ ಇಳಿದಿದೆ. ಅಲ್ಲಿ ರಸ್ತೆ ಏನೂ ಜಾಸ್ತಿ ಕಡಿದಾಗಿಲ್ಲ. ಯಾಕಿರಬಹುದು?”

ಸುಮನಾ ಚಟ್ನಿ ಹತ್ತಿದ್ದ ಬೆರಳನ್ನು ದೂರ ಹಿಡಿದುಕೊಂಡು ಬಗ್ಗಿ ನೋಡಿದಳು. “ಮೊದಲ ಮೂರು ನಿಮಿಷ ನೋಡಿ ಅಕ್ಕಾ. ಇನ್ನೂರ ಹತ್ತು! ಅಲ್ಲೇ ಎಲ್ಲಾ ಖರ್ಚು ಮಾಡಿದ್ದೀರ.”

“ಹಂಗಂತೀಯ?”

“ಗೊತ್ತಿಲ್ಲ. ಮೊದಲು ನಿಧಾನಕ್ಕೆ ಹೋಗಿ ನೋಡಿದ್ರೆ ಗೊತ್ತಾಗುತ್ತೆ.”

ವನಜಾಕ್ಷಿ ಗಡಿಯಾರ ನೋಡಿದಳು. ಎಂಟೂಕಾಲು. ಲಿಂಗದಹಳ್ಳಿಯ ಕಡೆಗೆ ಬಿಸಿಲು ಇನ್ನೂ ಎಳೆಯದಾಗಿತ್ತು.

“ಇನ್ನೊಂದು ಪ್ಲೇಟ್ ಇಡ್ಲಿ ಬೇಡ ಹಾಗಾದ್ರೆ” ಎಂದು ಎದ್ದಳು. “ನಡಿ, ಈಗ್ಲೇ ನೋಡ್ಬಿಡೋಣ.”